ಜರತಾರಿ ಪೈಲ್ವಾನನೂ ಚಿಕ್ಕಪ್ಪನ ಕತ್ತೂ

ಮೊದಲೇ ಹೇಳಿಬಿಡುತ್ತೇನೆ. ಕತ್ತಿನ ನರ ಕೆಟ್ಟಿದ್ದ ನಮ್ಮ ಚಿಕ್ಕಪ್ಪನನ್ನು ಕುಸ್ತಿಯ ಮಣ್ಣಿಗೆ ಇಳಿಸಿದವನು ನಾನು. ಗ್ರಹಚಾರದ ಮೇಲೆ ಹಾಕೋಣವೆಂದರೆ ಅದಕ್ಕೆ ಅಷ್ಟು ಬುದ್ಧಿಯಿಲ್ಲ. ಅಜ್ಜನ ಹಠದ ಮೇಲೆ ಹಾಕೋಣವೆಂದರೆ ಅದು ಆಮೇಲೆ ಬಂದು ಕೂಡಿಕೊಂಡದ್ದು. ಮೊದಲು ಇದ್ದದ್ದು ನನ್ನ ಬಡಕಲು ತೊಡೆ, ಅದರ ಮೇಲೆ ಬಿದ್ದ ನನ್ನ ಅಂಗೈ, ಮತ್ತು ಇಡೀ ಗರಡಿ ಬಿದ್ದು ಬಿದ್ದು ನಗುತ್ತಿರುವಾಗ ಮೂಲೆಯಲ್ಲಿ ಗುಮ್ಮನೆ ಕೂತಿದ್ದ ಒಬ್ಬನನ್ನೂ ನಗಿಸಲೇಬೇಕೆಂಬ ನನ್ನ ದುರಾಸೆ. ಅವನು ನಗಲಿಲ್ಲ. ಎದ್ದು ನಿಂತ.

ಇದೆಲ್ಲ ಮತ್ತೆ ಮೂಗಿಗೆ ಬಡಿದದ್ದು ಹೋದ ತಿಂಗಳು. ಮಂಡಿ ಮೊಹಲ್ಲಾದಲ್ಲಿ ನಮ್ಮ ಮನೆಯಿದ್ದ ಜಾಗದಲ್ಲಿ ಈಗ ಪ್ಲಾಸ್ಟಿಕ್ ಸಾಮಾನಿನ ಹೋಲ್‌ಸೇಲ್ ಅಂಗಡಿಯಿದೆ. ಬಕೆಟ್ಟುಗಳು ಒಂದರೊಳಗೊಂದು ಕೂತು ಸೂರಿನ ತನಕ ಬೆಳೆದಿವೆ. ಮದುವೆ ರಿಸೆಪ್ಶನ್ನುಗಳಲ್ಲಿ ಮಿಮಿಕ್ರಿ ಮಾಡಿ ಹೊಟ್ಟೆ ಹೊರೆಯುವ ನಾನು ಮೈಕಿನ ವೈರು ರಿಪೇರಿಗೆಂದು ಆ ಗಲ್ಲಿಗೆ ಹೋಗಿದ್ದೆ. ಅಂಗಡಿಯವರು ಲಿಫ್ಟಿಗೆಂದು ಒಳಗೆ ಗುಂಡಿ ತೋಡಿಸುತ್ತಿದ್ದರು. ಟೈಲ್ಸು ಹೋಯಿತು, ಕಾಂಕ್ರೀಟು ಹೋಯಿತು, ಜಲ್ಲಿ ಹೋಯಿತು, ಆಮೇಲೆ ಕೆಂಪು ಮಣ್ಣು ಬಂತು. ಅದರ ಬೆನ್ನಿಗೇ ವಾಸನೆ. ಎಳ್ಳೆಣ್ಣೆ, ಅರಿಶಿನ, ಹುಳಿ ಮಜ್ಜಿಗೆ, ಕರ್ಪೂರ, ಅದರೊಳಗೆ ಎಷ್ಟೋ ವರ್ಷಗಳ ಗಂಡಸರ ಬೆವರು. ಗುಂಡಿ ತೋಡುವವನು ಮೂಗು ಮುರಿದು, ‘ಏನ್ ಸಾರ್ ಇದು, ಹೆಣ ಗಿಣ ಹೂತಿದ್ರಾ?’ ಎಂದ. ಅದು ನಮ್ಮ ಗರಡಿಯ ಮಣ್ಣು. ಜನಕ್ಕೆ ಬಾಲ್ಯ ನೆನಪಾದರೆ ಬಾಯಲ್ಲಿ ನೀರೂರುತ್ತದಂತೆ, ನನಗೆ ಭಯವಾಗುತ್ತದೆ.

ಮನೆ ಮುಂದೆ ಗರಡಿ, ಗರಡಿ ಹಿಂದೆ ಮನೆ. ಯಾರೇ ಬಂದರೂ ಚಪ್ಪಲಿ ಬಿಟ್ಟು, ಮಣ್ಣಿನ ಅಂಚಿನಲ್ಲಿ ಬಗ್ಗಿ, ಹನುಮಂತನ ಪಟಕ್ಕೆ ಕೈಮುಗಿದು, ಆಮೇಲೆ ಒಳಬಾಗಿಲು. ಹಾಲಿನವನೂ ಹಾಗೇ ಬರಬೇಕು, ಕರೆಂಟ್ ಬಿಲ್ಲಿನವನೂ ಹಾಗೇ. ಗರಡಿಯ ಉಸ್ತಾದರು ನಮ್ಮ ಅಜ್ಜ. ಕಿವಿಗಳು ಎರಡೂ ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಗೋಡಂಬಿಯಂತೆ ಮುದುಡಿದ್ದವು. ಅದರಿಂದಲೋ ಏನೋ, ತಮಗೆ ಬೇಡದ ಮಾತು ಒಳಕ್ಕೇ ಹೋಗುತ್ತಿರಲಿಲ್ಲ. ಅಜ್ಜಿ ಸಣ್ಣಗೆ, ಕರ್ರಗೆ, ಮನೆಯಲ್ಲಿ ಎಲ್ಲರಿಗಿಂತ ಜೋರು. ಚಿಕ್ಕಪ್ಪ ಪುಟ್ಟಸ್ವಾಮಿ ಆ ಗರಡಿಯಿಂದ ಹೊರಗೆ ಹೋಗಿ ಕುಸ್ತಿ ಹಿಡಿಯುತ್ತಿದ್ದ ಕೊನೆಯ ಪೈಲ್ವಾನ. ಅಪ್ಪ ಅಮ್ಮ ಮೇಟಗಳ್ಳಿಯಲ್ಲಿದ್ದರು. ಅಪ್ಪನಿಗೆ ಅಲ್ಲಿನ ಫ್ಯಾಕ್ಟರಿಯೊಂದರಲ್ಲಿ ಶಿಫ್ಟು. ಸ್ಕೂಲು ಹತ್ತಿರವೆಂಬ ನೆಪದಲ್ಲಿ ನನ್ನನ್ನು ಅಜ್ಜನ ಮನೆಯಲ್ಲಿ ಬಿಟ್ಟಿದ್ದರು. ನಿಜವಾದ ಕಾರಣ, ನಾನು ಅಪ್ಪನ ಗೊರಕೆಯನ್ನು ಅಪ್ಪನ ಎದುರಿಗೇ ಮಾಡಿ ತೋರಿಸುತ್ತಿದ್ದೆ.

ಸಂಜೆ ತಾಲೀಮು ಮುಗಿದು, ಹುಡುಗರು ಮೈಮೇಲಿನ ಮಣ್ಣು ಕೆರೆದುಕೊಂಡು ಹೋದ ಮೇಲೆ, ಅಜ್ಜಿ ಟೀವಿ ಹಾಕುತ್ತಿದ್ದರು. ಅದರಲ್ಲಿ ಬರುತ್ತಿದ್ದ ಅಮೆರಿಕದ ಕುಸ್ತಿಗೆ. ಅಜ್ಜಿಗೆ ಅದರಲ್ಲಿ ಒಬ್ಬನೇ ಬೇಕು, ಕಿಂಗ್ ಕಾರ್ನಿವಲ್. ಹೆಸರು ನಾಲಿಗೆಗೆ ಹೊರಳದೆ ಅವರು ಅವನನ್ನು ಜರತಾರಿ ಎನ್ನುತ್ತಿದ್ದರು, ನಮ್ಮ ಮನೆಯಲ್ಲಿ ಅದೇ ನಿಂತಿತು. ಹೆಸರಿಗೆ ತಕ್ಕ ಮನುಷ್ಯ. ಮೊದಲು ದೀಪವೆಲ್ಲ ಆರುತ್ತಿತ್ತು. ಕಹಳೆ ಮೊಳಗುತ್ತಿತ್ತು. ಹೊಗೆಯೊಳಗಿಂದ ಒಬ್ಬ ಆಳು ದೊಡ್ಡ ಕನ್ನಡಿ ಹಿಡಿದು ಹಿಂದೆ ಹಿಂದಕ್ಕೆ ನಡೆದು ಬರುತ್ತಿದ್ದ. ಆ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತ, ನವಿಲುಗರಿ ಹೊಲಿದ ಗುಲಾಬಿ ನಿಲುವಂಗಿಯ ಸೆರಗನ್ನು ಮಾರುದ್ದ ಎಳೆಯುತ್ತ, ಬೆಳ್ಳಿ ಬೂಟು ಹಾಕಿಕೊಂಡು ಜರತಾರಿ ಬರುತ್ತಿದ್ದ. ಚಿನ್ನದ ಬಣ್ಣದ ಕೂದಲು ಸೊಂಟದ ತನಕ. ಹಗ್ಗ ದಾಟುವ ಮೊದಲು ಕನ್ನಡಿಗೆ ಒಂದು ಮುತ್ತು. ಅಜ್ಜಿ ಕೂತಲ್ಲಿಂದಲೇ ಎರಡೂ ಕೈಯಿಂದ ದೃಷ್ಟಿ ತೆಗೆದು ನೆಟಿಕೆ ಮುರಿಯುತ್ತಿದ್ದರು. ಅಜ್ಜ ಬೆನ್ನು ಹಾಕಿ ಕೂತು, ‘ಇವ್ನೇನು ಕುಸ್ತಿಗ್ ಬತ್ತಾವ್ನೋ ಬೀಗರ ಊಟಕ್ ಬತ್ತಾವ್ನೋ?’ ಎನ್ನುತ್ತಿದ್ದರು. ‘ನೀವು ನಮ್ ಮದುವೇಲೂ ಇಷ್ಟ್ ಚೆನ್ನಾಗಿ ಬರ್ಲಿಲ್ಲ ಬುಡಿ’ ಎಂದು ಅಜ್ಜಿ.

ಜರತಾರಿಯ ಇಡೀ ಬದುಕು ನಮಗೆ ಗೊತ್ತಿತ್ತು, ನೆಂಟರ ಬದುಕು ಗೊತ್ತಿರುವ ಹಾಗೆ. ಮೊದಮೊದಲು ಅವನು ದುಷ್ಟ. ಹಗ್ಗದ ಆಚೆಯಿಂದ ಜನ ಉಗಿಯುತ್ತಿದ್ದರು, ಅವನು ರೇಷ್ಮೆ ಕರವಸ್ತ್ರದಿಂದ ಒರೆಸಿಕೊಂಡು ಮತ್ತೆ ಕನ್ನಡಿ ನೋಡುತ್ತಿದ್ದ. ಮೋಸದಿಂದ ಗೆಲ್ಲುತ್ತಿದ್ದ, ಗೆದ್ದು ತನ್ನ ಬೂಟಿಗೆ ತಾನೇ ನಮಸ್ಕಾರ ಮಾಡುತ್ತಿದ್ದ. ಅಷ್ಟು ಚೆನ್ನಾಗಿ ಕೆಟ್ಟವನಾಗಿದ್ದರಿಂದಲೇ ಜನ ನಿಧಾನವಾಗಿ ಅವನನ್ನು ಪ್ರೀತಿಸತೊಡಗಿದರು. ಬೆಲ್ಟು ಗೆದ್ದ. ಒಂದು ಪಂಥದಲ್ಲಿ ಸೋತು, ರಿಂಗಿನ ನಡುವೆ ಕುರ್ಚಿಯ ಮೇಲೆ ಕೂರಿಸಿ ಅವನ ಕೂದಲು ಬೋಳಿಸಿದಾಗ ಅಜ್ಜಿ ಮೂರು ಹೊತ್ತು ಊಟ ಮಾಡಲಿಲ್ಲ. ಬೋಳುತಲೆಗೆ ಚಿನ್ನದ ಪುಡಿ ಮೆತ್ತಿಕೊಂಡು ಅವನು ಮತ್ತೆ ಬಂದ. ಆಮೇಲೆ ಒಂದು ಸಂಜೆ ಏಣಿಯ ಮೇಲಿಂದ ಬಿದ್ದ. ಮುಂದಿನ ವಾರ ಕತ್ತಿಗೆ ಪಟ್ಟಿ ಕಟ್ಟಿಕೊಂಡು ಬಂದ; ಆ ಪಟ್ಟಿಗೂ ಮಿಣಿಮಿಣಿ ಚಮಕಿ ಹಚ್ಚಿಸಿದ್ದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಲ್ಲ ಸುಳ್ಳು, ನಾಟಕ ಎಂದು ಸ್ಕೂಲಿನಲ್ಲಿ ದೊಡ್ಡ ಹುಡುಗರು ಹೇಳಿದ್ದರು. ಪಕ್ಕದಲ್ಲಿ ಗೋಡೆಗೊರಗಿದ್ದ ಚಿಕ್ಕಪ್ಪ ನಗಲಿಲ್ಲ. ‘ಸುಳ್ಳಲ್ಲ ಕಣೋ ಚಂದ್ರು. ಜಗಳ ಸುಳ್ಳು. ಬೀಳೋದು ನಿಜ’ ಎಂದ. ಆಮೇಲೆ ಟೀವಿಯತ್ತ ಬೆರಳು ತೋರಿಸಿ, ‘ನೋಡು, ಎತ್ತಿ ಹಾಕ್ತಾನಲ್ಲ, ಅವನೇ ಬೀಳೋನ್ನ ಕೆಳಗೆ ಹೋಗೋ ಗಂಟ ಹಿಡ್ಕೊಂಡಿರ್ತಾನೆ. ಹಿಡ್ಕೊಳ್ದೇ ಬುಟ್ರೆ ಮುಗೀತು’ ಎಂದ. ಹೇಳುವಾಗ ಅವನ ಎಡಗೈ ತಾನೇ ತಾನಾಗಿ ತನ್ನ ಕತ್ತಿನ ಹಿಂದಕ್ಕೆ ಹೋಯಿತು.

ಆ ಕತ್ತಿನ ಸುದ್ದಿ ಮನೆಯಲ್ಲಿ ಮೂವರಿಗೆ ಗೊತ್ತಿತ್ತು: ಚಿಕ್ಕಪ್ಪನಿಗೆ, ಅಜ್ಜಿಗೆ, ನನಗೆ. ಹಿಂದಿನ ವರ್ಷದ ಕುಸ್ತಿಯೊಂದರಲ್ಲಿ ತಲೆ ಅಡಿಯಾಗಿ ಬಿದ್ದಿದ್ದ. ಎದ್ದು ಗೆದ್ದೂ ಇದ್ದ. ಆಮೇಲೆ ಎಡಗೈಯಿಂದ ಲೋಟ ಜಾರತೊಡಗಿತು. ಅಜ್ಜಿ ನನ್ನನ್ನು ಕಟ್ಟಿಕೊಂಡು ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಜ್ಜನಿಗೆ ನನ್ನ ಹಲ್ಲುನೋವು ಎಂದು ಹೇಳಿ. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, ‘ಇನ್ನೊಂದ್ಸಲ ಇದರ ಮೇಲೆ ಬಿದ್ರೆ ಏಳಲ್ಲಪ್ಪ. ಕೈ ಕಾಲು ಯಾವುದೂ ಏಳಲ್ಲ’ ಎಂದರು, ಟೊಮೇಟೊ ಬೆಲೆ ಹೇಳುವ ದನಿಯಲ್ಲಿ. ಆ ದನಿಯನ್ನು ನಾನು ದಾರಿಯಲ್ಲೇ ಕಲಿತುಬಿಟ್ಟೆ, ಮಾಡಿ ತೋರಿಸಲು ಮಾತ್ರ ಧೈರ್ಯವಾಗಲಿಲ್ಲ. ಅಂದಿನಿಂದ ಚಿಕ್ಕಪ್ಪ ಕತ್ತು ತಿರುಗಿಸುವುದನ್ನು ಬಿಟ್ಟ. ಯಾರಾದರೂ ಕರೆದರೆ ಕಾಲಿನಿಂದ ತಲೆಯವರೆಗೆ ಇಡೀ ಮೈಯನ್ನೇ ತಿರುಗಿಸುತ್ತಿದ್ದ, ಬೀರು ತಿರುಗಿಸಿದ ಹಾಗೆ. ಅಜ್ಜ ಅದನ್ನು ನೋಡಿ, ‘ಪೈಲ್ವಾನ ಅಂದ್ರೆ ಅಂಗ್ ತಿರುಗ್ಬೇಕು, ಹುಲಿ ತಿರುಗ್ದಂಗೆ’ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಕುಸ್ತಿಗೆ ಕರೆ ಬಂದರೆ ಚಿಕ್ಕಪ್ಪ ಜ್ವರ ಅನ್ನುತ್ತಿದ್ದ, ಮಂಡಿ ಅನ್ನುತ್ತಿದ್ದ. ‘ಹೇಳ್ಬುಡ್ಲಾ ನಿಮ್ಮಪ್ಪಂಗೆ?’ ಎಂದು ಅಜ್ಜಿ ಒಲೆಯ ಮುಂದೆ ಕೇಳಿದ್ದು, ‘ಬೇಡ ಕಣವ್ವ. ಈ ಮನೆಯಿಂದ ಮಣ್ಣಿಗೆ ಇಳಿಯೋರಿಲ್ಲ ಅಂದ್ರೆ ಗರಡಿಗೆ ಬೀಗ ಹಾಕ್ತಾರೆ. ಬೀಗ ಹಾಕಿದ್ ದಿನವೇ ಮಲಗ್ಬುಡ್ತಾರೆ, ಆಮೇಲೆ ಏಳಲ್ಲ’ ಎಂದು ಅವನು ಹೇಳಿದ್ದು ನನಗೆ ಕೇಳಿಸಿತ್ತು. ಒಂದೇ ಮನೆಯಲ್ಲಿ ಏಳದೆ ಹೋಗಬಹುದಾದವರು ಇಬ್ಬರು ಎಂದು ಆಗ ಗೊತ್ತಾಯಿತು. ಐದನೇ ಕ್ಲಾಸಿನ ತಲೆಗೆ ಅದು ದೊಡ್ಡ ಲೆಕ್ಕ. ಅದನ್ನು ಮರೆಯಲು ನಾನು ಇನ್ನಷ್ಟು ಜನರ ದನಿ ಕಲಿತೆ.

ದಸರಾ ಹತ್ತಿರವಾದಾಗ ಗರಡಿಗಳು ಮಣ್ಣು ಹೊಸದು ಮಾಡುತ್ತವೆ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ ಹಾಕಿ ತುಳಿದು, ಪೂಜೆ ಮಾಡಿ, ಬೇರೆ ಗರಡಿಯವರನ್ನು ಊಟಕ್ಕೆ ಕರೆಯುತ್ತಾರೆ. ಆ ವರ್ಷ ಅಶೋಕಪುರಂನ ಗರಡಿಯೊಂದರಿಂದ ನಮಗೆ ಕರೆ ಬಂತು. ಅಲ್ಲಿನ ಉಸ್ತಾದರು ನಿಂಗಯ್ಯ. ಅಜ್ಜನ ವಯಸ್ಸಿನವರೇ, ಕಡಿಮೆ ಮಾತಿನವರು. ಅಜ್ಜ ರೇಷ್ಮೆ ಪೇಟ ಸುತ್ತಿದರು, ಚಿಕ್ಕಪ್ಪ ಹುಲಿಯಂತೆ ನಡೆದ, ನಾನು ಬಾಲ. ಪೂಜೆಯಾಯಿತು, ಕಡಲೆಕಾಳಿನ ಉಸಲಿ ಆಯಿತು. ಆಗ ಅಲ್ಲಿನ ಹುಡುಗರಲ್ಲಿ ಒಬ್ಬ, ‘ಏ, ನೀನಲ್ವಾ ಆ ಟೀವಿ ಪೈಲ್ವಾನ್ ತರ ಮಾಡೋನು? ಮಾಡೋ’ ಎಂದ. ಇಂಥದ್ದಕ್ಕೆ ನನ್ನನ್ನು ಎರಡು ಸಲ ಕೇಳಬೇಕಾಗಿ ಬಂದ ಪುಣ್ಯಾತ್ಮರು ಈ ಭೂಮಿಯ ಮೇಲಿಲ್ಲ.

ಮೊದಲು ಅಜ್ಜನನ್ನು ಮಾಡಿದೆ: ಬೇಡದ ಮಾತಿಗೆ ಕಿವುಡಾಗುವುದು, ಊಟಕ್ಕೆ ಕರೆದರೆ ಮೂರು ಬೀದಿ ಆಚೆಯಿಂದ ಕೇಳಿಸುವುದು. ಅಜ್ಜನೇ ಕಣ್ಣೊರೆಸಿಕೊಂಡು ನಕ್ಕರು. ನನ್ನನ್ನೇ ಮಾಡಿಕೊಂಡೆ: ತಾಲೀಮಿಗೆ ಇಳಿದು ಮೊದಲನೇ ದಂಡಕ್ಕೇ ಅವ್ವಾ ಎನ್ನುವುದು. ಆಮೇಲೆ, ಯಾಕೆ ಮಾಡಿದೆನೋ, ಚಿಕ್ಕಪ್ಪನನ್ನು ಮಾಡಿದೆ. ‘ಪುಟ್ಟಸ್ವಾಮೀ’ ಎಂದು ಅಜ್ಜನ ದನಿಯಲ್ಲಿ ಕೂಗಿ, ಚಿಕ್ಕಪ್ಪನಾಗಿ ಇಡೀ ಮೈ ತಿರುಗಿದೆ. ಇನ್ನೊಂದು ಕಡೆಯಿಂದ ಕೂಗಿ ಮತ್ತೆ ತಿರುಗಿದೆ. ಗರಡಿ ಹೋ ಎಂದಿತು. ನಿಂಗಯ್ಯನವರು ಮಾತ್ರ ಎಲೆಯಡಿಕೆ ಮಡಚುತ್ತಿದ್ದ ಕೈ ನಿಲ್ಲಿಸಿ ಒಮ್ಮೆ ಚಿಕ್ಕಪ್ಪನನ್ನು ನೋಡಿದರು. ಮೂಲೆಯಲ್ಲಿ ಅವರ ಶಿಷ್ಯ ಭೈರ ಕೂತಿದ್ದ. ಆನೆಗೆ ಲಂಗೋಟಿ ಕಟ್ಟಿದರೆ ಹೇಗಿರುತ್ತದೋ ಹಾಗಿದ್ದ. ಅವನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿರಲಿಲ್ಲ. ಇವನನ್ನು ನಗಿಸುತ್ತೇನೆ ಎಂದುಕೊಂಡೆ. ಅಜ್ಜನ ಶಾಲನ್ನು ಹಿಂದಕ್ಕೆ ಇಳಿಬಿಟ್ಟೆ, ಪೂಜೆಯ ತಟ್ಟೆಯನ್ನು ಒಬ್ಬನಿಗೆ ಹಿಡಿಸಿ ಅದರಲ್ಲಿ ಮುಖ ನೋಡಿಕೊಂಡು ಜರತಾರಿಯಾಗಿ ನಡೆದೆ. ತಟ್ಟೆಗೆ ಮುತ್ತು ಕೊಟ್ಟೆ. ಜರತಾರಿ ಮೈಸೂರಿಗೆ ಬಂದರೆ ಏನು ಮಾಡುತ್ತಾನೆ ಎಂದು ಆ ಗಳಿಗೆಯಲ್ಲೇ ಹೊಳೆಯಿತು. ಹೊಸ ಮಣ್ಣಿನ ನಡುವೆ ನಿಂತು, ಭೈರನ ಕಡೆ ತಿರುಗಿ, ಕಾಲು ಮಡಚಿ ತೊಡೆ ತಟ್ಟಿದೆ.

ಸದ್ದು ಚೆನ್ನಾಗಿ ಬಂತು. ಅದೇ ತೊಂದರೆಯಾಯಿತು. ಇನ್ನೊಬ್ಬರ ಗರಡಿಯ ಹೊಸ ಮಣ್ಣಿನ ಮೇಲೆ, ಪೂಜೆಯ ದಿನ, ಬಂದವರು ತೊಡೆ ತಟ್ಟಿದರೆ ಅದು ಆಟವಲ್ಲ. ಅದು ಆ ಗರಡಿಗೆ ಈ ಗರಡಿ ಹಾಕಿದ ಸವಾಲು. ತಟ್ಟಿದವನು ಯಾರೇ ಆಗಿರಲಿ, ಅವನ ಮನೆಯವರು ಇಳಿಯಬೇಕು. ಈ ನಿಯಮ ನನಗೆ ಹಾಲಿನ ಜೊತೆ ಕುಡಿಸಿದ್ದು. ಚಪ್ಪಾಳೆಯ ಮುಂದೆ ಹಾಲು ನೆನಪಾಗಲಿಲ್ಲ. ನಗು ಒಂದೇ ಸಲ ನಿಂತಿತು. ಭೈರ ಎದ್ದು ಬಂದು, ಮಣ್ಣು ಮುಟ್ಟಿ ಹಣೆಗೊತ್ತಿ, ತನ್ನ ತೊಡೆ ತಟ್ಟಿದ. ಹೆಂಚಿನ ಮೇಲಿದ್ದ ಪಾರಿವಾಳಗಳು ಹಾರಿದವು.

‘ಬುಡಿ ಉಸ್ತಾದ್ರೇ, ಮಗು’ ಎಂದರು ನಿಂಗಯ್ಯ.

‘ಮಗು ಆದ್ರೇನು, ತೊಡೆ ನಮ್ಮನೇದು’ ಎಂದರು ಅಜ್ಜ. ಮುಖ ಕೆಂಪಾಗಿತ್ತು, ಸಿಟ್ಟಿನಿಂದಲ್ಲ, ಎಷ್ಟೋ ದಿನದಿಂದ ಕಾಯುತ್ತಿದ್ದದ್ದು ಬಂದ ಸಂತೋಷದಿಂದ. ‘ಸದ್ದು ವಾಪಸ್ ತಗೊಳಕ್ಕಾಗಲ್ಲ. ಬರೋ ಭಾನುವಾರ ನಮ್ ಪುಟ್ಟಸ್ವಾಮಿ ಇಲ್ಲೇ ಇಳೀತಾನೆ.’

ಚಿಕ್ಕಪ್ಪ ಇಡೀ ಮೈ ಅಜ್ಜನ ಕಡೆ ತಿರುಗಿಸಿ, ‘ಆಯ್ತಪ್ಪ’ ಎಂದ. ದಾರಿಯಲ್ಲಿ ನಾನು ಹಿಂದೆ ಹಿಂದೆ ಬರುತ್ತಿದ್ದೆ, ಹೊಡೆತಕ್ಕೆ ಬೆನ್ನು ಸಿದ್ಧಮಾಡಿಕೊಂಡು. ಅವನು ನನಗಾಗಿ ನಿಂತ. ‘ಜರತಾರಿ ಚೆನ್ನಾಗ್ ಬಂದ ಕಣೋ’ ಎಂದು ತಲೆ ಸವರಿದ. ಅವನು ಬಾರಿಸಿದ್ದರೆ ಆ ವಾರ ಅಷ್ಟು ಉದ್ದವಾಗುತ್ತಿರಲಿಲ್ಲ.

ಆ ವಾರ ಮನೆಯೆಲ್ಲ ಉಪ್ಪು ಹುರಿದ ವಾಸನೆ. ಅಜ್ಜ ಹೊರಗೆ ಹೋದ ಕೂಡಲೇ ಅಜ್ಜಿ ಉಪ್ಪಿನ ಗಂಟು ಕಾಯಿಸಿ ಚಿಕ್ಕಪ್ಪನ ಕತ್ತಿಗೆ ಒತ್ತುತ್ತಿದ್ದರು. ಅಜ್ಜನ ಕೆಮ್ಮು ಬಾಗಿಲಲ್ಲಿ ಕೇಳಿದರೆ ಗಂಟನ್ನು ಸೀರೆಯ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು, ಸುಟ್ಟರೂ ಸದ್ದಿಲ್ಲ. ನನ್ನನ್ನು ಬೈಯಲಿಲ್ಲ. ಊಟ ಬಡಿಸುವಾಗ ನನ್ನ ಮುಖ ನೋಡುತ್ತಿರಲಿಲ್ಲ, ಅಷ್ಟೇ. ಗರಡಿಯಲ್ಲಿ ಅಜ್ಜ ಇಪ್ಪತ್ತು ವರ್ಷ ಚಿಕ್ಕವರಾಗಿ ಓಡಾಡುತ್ತಿದ್ದರು. ‘ಕತ್ತಿಗೆ ಕೈ ಹಾಕ್ಸ್ಕೊ, ಹಾಕ್ಸ್ಕೊಂಡು ಒಳಗೆ ನುಗ್ಗು’ ಎಂದು ಪಟ್ಟು ಹೇಳಿಕೊಡುವಾಗ ಚಿಕ್ಕಪ್ಪ ‘ಹೂಂ’ ಎನ್ನುತ್ತಿದ್ದ. ಕುಸ್ತಿಯಲ್ಲಿ ಮೊದಲ ಹಿಡಿತ ಬೀಳುವುದೇ ಕತ್ತಿಗೆ. ಇದು ನನಗೂ ಗೊತ್ತಿತ್ತು, ಬೀದಿನಾಯಿಗೂ ಗೊತ್ತಿತ್ತು.

ಒಂದು ಸಂಜೆ ಗುರುತು ಸಿಗದ ಧೈರ್ಯವೊಂದು ಬಂದು ಅಜ್ಜನ ಮುಂದೆ ನಿಂತೆ. ‘ಅಜ್ಜ, ಚಿಕ್ಕಪ್ಪನ ಕತ್ತು ಸರಿಯಿಲ್ಲ, ಅವನನ್ನು ಇಳಿಸಬೇಡಿ’ ಎಂದೆ. ಅಳು ಬಂದು ದನಿ ಒಡೆಯಿತು. ಅಜ್ಜ ತಲೆ ಓರೆ ಮಾಡಿ ಕೇಳಿ, ಮೆಚ್ಚಿ, ‘ಇದ್ಯಾರ್ ದನಿಯೋ? ಅಳೋದು ಭೇಷಾಗ್ ಮಾಡ್ತೀಯ. ನಿಮ್ಮಜ್ಜೀದಾ?’ ಎಂದರು. ‘ನನ್ನದೇ, ಅಜ್ಜ’ ಎಂದೆ. ‘ನಿಂದೂ ಒಂದು ದನಿ ಐತೇನೋ?’ ಎಂದು ನಕ್ಕು ಎದ್ದು ಹೋದರು. ಊರಿನವರದೆಲ್ಲ ಇಟ್ಟುಕೊಂಡು ನನ್ನದನ್ನು ಎಲ್ಲಿ ಇಟ್ಟೆನೆಂದು ನನಗೇ ತಿಳಿಯದೆ ಹೋಯಿತು.

ಶನಿವಾರ ಅಮ್ಮನನ್ನು ನೋಡಲು ಮೇಟಗಳ್ಳಿಗೆ ಹೋದೆ. ಬಸ್ಸಿಳಿದರೆ ಎದುರಿನ ಟೀ ಅಂಗಡಿಯಲ್ಲಿ ಭೈರ. ಅಲ್ಲೇ ಯಾವುದೋ ಫ್ಯಾಕ್ಟರಿಯಲ್ಲಿ ಲೋಡಿಂಗ್ ಕೆಲಸವಂತೆ, ನನಗೆ ಆಗ ಗೊತ್ತಿರಲಿಲ್ಲ. ಲೋಟ ಅವನ ಕೈಯಲ್ಲಿ ಬೆಂಡೋಲೆಯಷ್ಟು ಕಾಣುತ್ತಿತ್ತು. ಬೆನ್ನು ನನ್ನ ಕಡೆಗಿತ್ತು. ತಪ್ಪಿಸಿಕೊಂಡು ಹೋಗೋಣವೆಂದು ಗೋಡೆಗೆ ಅಂಟಿಕೊಂಡು ಸರಿದೆ. ಯಾರೋ ಅವನಿಗೆ ನನ್ನನ್ನು ತೋರಿಸಿರಬೇಕು. ಅವನು ಕತ್ತು ತಿರುಗಿಸಲಿಲ್ಲ. ಕಾಲಿನಿಂದ ತಲೆಯವರೆಗೆ, ನಿಧಾನವಾಗಿ, ಬೀರು ತಿರುಗಿದ ಹಾಗೆ, ಇಡೀ ಮೈ ತಿರುಗಿಸಿ ನನ್ನನ್ನು ನೋಡಿದ. ಮತ್ತೆ ಹಾಗೇ ತಿರುಗಿ ಟೀ ಕುಡಿದ. ನಾನು ಓಡಿದೆ. ಅಮ್ಮನ ಮನೆಯ ದಾರಿ ಬಿಟ್ಟು ಯಾವುದೋ ಕಾಂಪೌಂಡಿನ ಪಕ್ಕ ಹೋಗಿ ಕೂತೆ. ಇಷ್ಟು ದಿನ ನಾನು ಚಿಕ್ಕಪ್ಪನನ್ನು ಅವನ ಕೈಗೆ ಕೊಟ್ಟೆನೆಂದು ಹೆದರುತ್ತಿದ್ದೆ. ಎಲ್ಲಿ ಹಿಡಿಯಬೇಕೆಂಬುದನ್ನೂ ಕುಣಿದು ತೋರಿಸಿ ಕೊಟ್ಟಿದ್ದೇನೆಂದು ಅವತ್ತು ಗೊತ್ತಾಯಿತು.

ಭಾನುವಾರ ಬಿಸಿಲು ಇಳಿಯುವ ಹೊತ್ತು. ಅಶೋಕಪುರಂನ ಆ ಗರಡಿಯ ಸುತ್ತ ಮಾಳಿಗೆಯ ಮೇಲೆಲ್ಲ ಜನ. ಟೀವಿಯಲ್ಲಿ ಬಿಟ್ಟರೆ ಎಂದೂ ಕುಸ್ತಿ ನೋಡದ ಅಜ್ಜಿ ಅವತ್ತು ಸೆರಗು ಹೊದ್ದು ಬಂದು ಬಾಗಿಲ ಪಕ್ಕ ನಿಂತರು. ನನ್ನ ಕೈ ಹಿಡಿದುಕೊಂಡರು. ಪ್ರೀತಿಗೋ ಆಸರೆಗೋ ತಿಳಿಯಲಿಲ್ಲ, ಉಗುರು ಮಾತ್ರ ಒಳಗೆ ಹೋಯಿತು. ಚಿಕ್ಕಪ್ಪನೂ ಭೈರನೂ ಮಣ್ಣು ಮುಟ್ಟಿ, ಪರಸ್ಪರ ಮೈಗೆ ಮಣ್ಣು ಎರಚಿ, ಕೈ ಕೊಟ್ಟುಕೊಂಡರು. ಭೈರನ ಬಲಗೈ ಮೇಲೆದ್ದಿತು. ನಾನು ಕಣ್ಣು ಮುಚ್ಚಿದೆ. ಮುಚ್ಚಿದರೆ ಡಾಕ್ಟರ ದನಿ ಕೇಳುತ್ತಿತ್ತು, ತೆರೆದೆ. ಕೈ ಕತ್ತಿಗೆ ಹೋಗಿರಲಿಲ್ಲ. ಕಂಕುಳ ಕೆಳಗೆ ಹೋಗಿತ್ತು. ಮತ್ತೆ ಬಿಡಿಸಿಕೊಂಡರು, ಮತ್ತೆ ಕೂಡಿದರು. ಈ ಸಲ ಸೊಂಟ. ಇನ್ನೊಮ್ಮೆ ಕತ್ತಿನ ಹತ್ತಿರ ಹತ್ತಿರಕ್ಕೆ ಹೋದ ಕೈ ಭುಜದ ಮೇಲೆ ಕೂತಿತು. ಜನ ಕೂಗುತ್ತಿದ್ದರು, ಅವರಿಗೆ ಎರಡು ಗೂಳಿ ಕಾಣುತ್ತಿದ್ದವು. ನನಗೆ ಒಂದು ಕೈ ಮಾತ್ರ ಕಾಣುತ್ತಿತ್ತು. ಚಿಕ್ಕಪ್ಪನ ಎಡಗೈಯ ಹಿಡಿತ ಜಾರಿತು, ಲೋಟ ಜಾರಿದ ಹಾಗೆ. ಭೈರ ಅವನನ್ನು ಸೊಂಟ ಹಿಡಿದು ಎತ್ತಿದ. ಅಜ್ಜಿ ‘ಅಯ್ಯೋ ನನ್ ಮಗನೇ’ ಎಂದದ್ದು ಗದ್ದಲದಲ್ಲಿ ನನಗೊಬ್ಬನಿಗೇ ಕೇಳಿಸಿತು. ಎತ್ತಿದವನು ಒಗೆಯಲಿಲ್ಲ. ಜೊತೆಗೇ ಬಗ್ಗಿದ, ಮಂಡಿಯೂರಿದ, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಇಳಿಸಿದ. ಚಿಕ್ಕಪ್ಪನ ಬೆನ್ನು ಮಣ್ಣಿಗೆ ತಾಗಿತು. ಅವನ ತಲೆ ಮಣ್ಣಿಗೆ ತಾಗಲಿಲ್ಲ. ಅದರ ಕೆಳಗೆ ಭೈರನ ಅಂಗೈ ಇತ್ತು.

ಜನ ಕೇಕೆ ಹಾಕಿದರು. ಅಜ್ಜ ಅಂಗೈಯನ್ನು ನೋಡಿದ್ದರು. ಮಣ್ಣಿನ ಅಂಚಿಗೆ ಬಂದು, ‘ಕೈ ಯಾಕೋ ಇಟ್ಟೆ?’ ಎಂದು ಗುಡುಗಿದರು. ‘ಇದೇನು ಟೀವಿ ಕುಸ್ತೀನಾ? ನನ್ ಮಗಂಗೆ ದಿಂಬು ಕೊಡಕ್ ನೀನ್ಯಾವನೋ? ಸೋತ್ರೆ ಸೋಲ್ಲಿ, ಭಿಕ್ಷೆ ಬೇಡ. ಏಳೋ ಪುಟ್ಟಸ್ವಾಮಿ! ಸರಿಯಾಗ್ ಹಿಡೀರಿ ಇನ್ನೊಂದ್ಸಲ!’ ಚಿಕ್ಕಪ್ಪ ಅಂಗೈಯೂರಿ ಎದ್ದ. ಬೆನ್ನಿನ ಮಣ್ಣು ಒರೆಸಿಕೊಳ್ಳಲಿಲ್ಲ. ಅಪ್ಪನ ಮಾತಿಗೆ ಮತ್ತೆ ತೋಳು ಚಾಚಿ ನಿಂತ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಾಕೆಂದರೆ ಇಲ್ಲಿ ಎಲ್ಲರೂ ಇನ್ನೂ ಇದ್ದಾರೆ. ಅಜ್ಜಿಯ ಉಗುರು ನನ್ನ ಕೈಯಲ್ಲಿದೆ, ಅಜ್ಜನ ಪೇಟ ಓರೆಯಾಗಿದೆ, ಮಂಡಿ ಮೊಹಲ್ಲಾದಲ್ಲಿ ನಮ್ಮ ಮನೆಯ ಬಾಗಿಲು ಸುಮ್ಮನೆ ಮುಂದೆ ಮಾಡಿಟ್ಟು ಬಂದದ್ದು ಹಾಗೇ ಇದೆ. ಮುಂದಿನದನ್ನು ಹೇಳಿದರೆ ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಅಜ್ಜ ಅವತ್ತಿನಿಂದ ಚಿಕ್ಕಪ್ಪನನ್ನು ಹಿಂದಿನಿಂದ ಕೂಗುವುದನ್ನು ಬಿಟ್ಟರು. ಏನಿದ್ದರೂ ಸುತ್ತು ಹಾಕಿ ಬಂದು ಎದುರಿಗೆ ನಿಂತು ಮಾತಾಡಿಸುತ್ತಿದ್ದರು. ಗರಡಿಗೆ ಬೀಗ ಹಾಕಲಿಲ್ಲ. ಚಿಕ್ಕಪ್ಪ ಸಣ್ಣ ಹುಡುಗರಿಗೆ ಬೀಳುವುದನ್ನು ಕಲಿಸಿದ, ಅಜ್ಜ ಪಕ್ಕದಲ್ಲಿ ಕೂತು ತಪ್ಪು ಹುಡುಕಿದರು. ಹಾಗೇ ಕೆಲವು ವರ್ಷ ಕಳೆದು, ಒಂದು ಮಧ್ಯಾಹ್ನ ಮಣ್ಣಿನ ಪಕ್ಕದ ಬೆಂಚಿನ ಮೇಲೆ ಮಲಗಿದ ಅಜ್ಜ ಏಳಲಿಲ್ಲ. ಮನೆ ಪಾಲಾಯಿತು, ಮಾರಿಹೋಯಿತು. ಚಿಕ್ಕಪ್ಪ ಈಗ ಮೇಟಗಳ್ಳಿಯಲ್ಲಿ ನಮ್ಮ ಮನೆಯ ಹತ್ತಿರವೇ ಇದ್ದಾನೆ, ರಸ್ತೆ ದಾಟುವಾಗ ಇಡೀ ಮೈ ತಿರುಗಿಸಿ ಬಸ್ಸು ನೋಡುತ್ತಾನೆ. ಜರತಾರಿಯ ಸುದ್ದಿಯನ್ನು ನಾನು ಬಹಳ ವರ್ಷದ ಮೇಲೆ ಮೊಬೈಲಿನಲ್ಲಿ ಹುಡುಕಿದೆ. ಅವನ ಕತ್ತು ನಿಜವಾಗಿಯೂ ಮುರಿದಿತ್ತಂತೆ. ಡಾಕ್ಟರು ಬೇಡವೆಂದರೂ ಮತ್ತೆ ಇಳಿದಿದ್ದ. ದೊಡ್ಡ ಅರಮನೆಯಂಥ ಸಭಾಂಗಣಗಳಿಂದ ಸಣ್ಣ ಊರಿನ ಸ್ಕೂಲು ಹಾಲುಗಳಿಗೆ ಬಂದು, ಅಲ್ಲಿಯೂ ಕನ್ನಡಿ ಹಿಡಿಸಿಕೊಂಡೇ ನಡೆದು, ಒಂದು ದಿನ ಯಾರೋ ಹೊಸಬ ಹಿಡಿದುಕೊಳ್ಳುವುದನ್ನು ಮರೆತ. ವಿಡಿಯೋದಲ್ಲಿ ಗಾಲಿಕುರ್ಚಿಯಲ್ಲಿದ್ದ. ಮಾಸಿದ ಗುಲಾಬಿ ನಿಲುವಂಗಿ, ಗರಿ ಉದುರಿತ್ತು. ಬೆರಳು ಏಳುತ್ತಿರಲಿಲ್ಲ, ತುಟಿಯಿಂದಲೇ ಮುತ್ತು ಹಾರಿಸುತ್ತಿದ್ದ. ಅಜ್ಜಿ ಕಣ್ಣು ಮಂಜಾಗಿ ಹಾಸಿಗೆ ಹಿಡಿದಿದ್ದಾಗ, ‘ನಮ್ ಜರತಾರಿ ಏನಾದ್ನೋ?’ ಎಂದು ಕೇಳಿದರು. ಮದುವೆಯಾಗಿ, ಕೂದಲು ಬೆಳೆಸಿಕೊಂಡು, ಸುಖವಾಗಿದಾನೆ ಅಜ್ಜಿ ಎಂದೆ. ಅದನ್ನು ಮಾತ್ರ ನನ್ನ ಸ್ವಂತ ದನಿಯಲ್ಲಿ ಹೇಳಿದೆ. ಅವರು ನಂಬಿದರು.

ಈಗ ಆ ಸಂಜೆಗೆ ವಾಪಸ್ಸು ಬರಬೇಕು, ಅಲ್ಲಿ ಚಿಕ್ಕಪ್ಪ ತೋಳು ಚಾಚಿ ನಿಂತೇ ಇದ್ದಾನೆ. ಉಸ್ತಾದರು ಇನ್ನೊಂದು ಸಲ ಅಂದರೆ ಇನ್ನೊಂದು ಸಲ. ಹಿರಿಯರ ಮಾತು ಮೀರುವ ಪದ್ಧತಿ ಯಾವ ಗರಡಿಯಲ್ಲೂ ಇಲ್ಲ. ನಿಂಗಯ್ಯನವರು ಶಿಷ್ಯನ ಕಡೆ ನೋಡಿದರು. ನಾನು ‘ಬೇಡ’ ಎಂದು ಕೂಗಿದೆ, ಅದು ಯಾರ ದನಿಯಲ್ಲೂ ಹೊರಗೆ ಬರಲಿಲ್ಲ. ಅಲ್ಲಿಯವರೆಗೆ ನಾವು ಯಾರೂ ಭೈರನ ದನಿ ಕೇಳಿರಲಿ‍ಲ್ಲ. ಅವನು ಚಿಕ್ಕಪ್ಪನ ಚಾಚಿದ ತೋಳನ್ನು ಮೆಲ್ಲಗೆ ಕೆಳಗಿಳಿಸಿದ. ಅಜ್ಜನ ಮುಂದೆ ಬಂದು, ಬಗ್ಗಿ, ಕಾಲು ಮುಟ್ಟಿ ನಮಸ್ಕಾರ ಮಾಡಿ, ಎದ್ದು ನಿಂತ. ಆನೆಯಂಥ ಮೈಗೆ ಹೊಂದದ ಸಣ್ಣ, ಸಂಕೋಚದ ದನಿಯಲ್ಲಿ ಹೇಳಿದ:

‘ಕುಸ್ತಿ ಬೇಕೇ ಬೇಕು ಅಂದ್ರೆ ನೀವೇ ಇಳೀರಿ ಉಸ್ತಾದ್ರೇ. ನಿಮ್ ಕತ್ತು ಚೆನ್ನಾಗೈತಲ್ಲ.’